ಅಲ್ಲಾಡದ ಕಾಯಿ

ನನ್ನ ಜೀವಮಾನದ ಸಾಧನೆ ಅಂತ ಒಂದಿದ್ದರೆ, ಅದು ಕಾಗದದ ಮೇಲೆ ಹೆಬ್ಬೆರಳ ಉಗುರಿನಷ್ಟು ಅಗಲ. ನಗಬೇಡಿ. ಆ ಉಗುರಗಲಕ್ಕಾಗಿ ನಾನು ಊಟ ಬಿಟ್ಟಿದ್ದೇನೆ, ಜಗಳವಾಡಿದ್ದೇನೆ, ನೊಣವಿನಕೆರೆಯ ಒಂದು ಅಟ್ಟದ ಮೇಲೆ ಕೂತು ಕಣ್ಣೀರೂ ಹಾಕಿದ್ದೇನೆ.

ಎಂಬತ್ತೆರಡನೇ ಇಸವಿ, ಸಂಕ್ರಾಂತಿ ಮುಗಿದ ವಾರ. ಹೈದರಾಬಾದಿನಾಚೆಯ ಒಂದು ಬಯಲಿನಿಂದ ನಮ್ಮ ತಂಡ ಬಲೂನು ಹಾರಿಸಿತ್ತು. ಮಕ್ಕಳು ಊದುವ ಬಲೂನಲ್ಲ. ಮೇಲೆ ಹೋಗಿ ಹಿಗ್ಗಿದ ಮೇಲೆ ಒಂದು ಇಡೀ ದೇವಸ್ಥಾನವನ್ನು ಒಳಗಿಟ್ಟುಕೊಳ್ಳುವಷ್ಟು ದೊಡ್ಡದು. ಅದರ ಕೆಳಗೆ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸುಲಿದ ತೆಂಗಿನಕಾಯಿಯಷ್ಟು ದಪ್ಪದ ದುಂಡನೆ ಅಲ್ಯೂಮಿನಿಯಂ ಡಬ್ಬಿ, ಡಬ್ಬಿಯೊಳಗೆ ಒಂದು ಹರಳು. ಗಾಮಾ ಕಿರಣ ಬಂದು ಬಡಿದರೆ ಆ ಹರಳು ಮಿಣುಕ್ ಅನ್ನುತ್ತದೆ. ಅದು ಮಿಣುಕಿದಂತೆಲ್ಲ ನೆಲದ ಮೇಲಿನ ನಮ್ಮ ಯಂತ್ರದ ಪೆನ್ನು ಕಾಗದದ ಸುರುಳಿಯ ಮೇಲೆ ಅಲುಗುತ್ತದೆ. ಇಷ್ಟೇ ನಮ್ಮ ವಿದ್ಯೆ.

ಆವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ತೂಕಡಿಸುವವನ ತಲೆಯ ಹಾಗೆ ಅಲುಗುತ್ತಿದ್ದ ಪೆನ್ನು ಇದ್ದಕ್ಕಿದ್ದಂತೆ ಕಾಗದದ ತುದಿಗೆ ಹಾರಿತು. ನಾಲ್ಕು ಸೆಕೆಂಡು ಅಲ್ಲೇ ನಡುಗುತ್ತಾ ನಿಂತು, ಏನೂ ನಡೆದೇ ಇಲ್ಲವೆಂಬಂತೆ ಇಳಿದು ಬಂತು. ನಾನು ಕಿರುಚಿದ ರಭಸಕ್ಕೆ ಅಡುಗೆಯವನು ಸೌಟು ಹಿಡಿದುಕೊಂಡೇ ಓಡಿಬಂದ.

ಆಕಾಶದಲ್ಲಿ ಎಲ್ಲೋ, ಏನೋ ಸಿಡಿಯುತ್ತದೆ. ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ, ಏನು ಅಂತಲೂ ಗೊತ್ತಿಲ್ಲ. ಕೆಲವೇ ಸೆಕೆಂಡು ಗಾಮಾ ಕಿರಣದಲ್ಲಿ ಇಡೀ ಆಕಾಶಕ್ಕಿಂತ ಪ್ರಖರವಾಗಿ ಹೊಳೆದು ಆರಿಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನಮ್ಮ ಗಾಳಿಯನ್ನು ತೂರಿ ನೆಲಕ್ಕೂ ಬರುವುದಿಲ್ಲ. ಕದ್ದು ಬಾಂಬು ಸಿಡಿಸುವವರ ಮೇಲೆ ಕಣ್ಣಿಡಲು ಅಮೆರಿಕದವರು ಬಿಟ್ಟಿದ್ದ ಉಪಗ್ರಹಗಳಿಗೆ ಇದು ಅಕಸ್ಮಾತ್ತಾಗಿ ಸಿಕ್ಕಿತ್ತು. ಆ ಸುದ್ದಿ ಹೊರಬಿದ್ದು ಒಂಬತ್ತು ವರ್ಷವಾಗಿತ್ತು ಅಷ್ಟೆ. ಅಂಥದ್ದೊಂದು ನನ್ನ ಪೆನ್ನಿನ ತುದಿಗೆ ಬಂದು ನಾಲ್ಕು ಸೆಕೆಂಡು ಕೂತು ಎದ್ದುಹೋಗಿತ್ತು.

ನಮ್ಮ ಪ್ರೊಫೆಸರು ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತಾ ಬಂದು ಕಾಗದ ನೋಡಿದರು. "ಹರಳು ಸಡಿಲ ಆಗಿದೆ ಬಸವರಾಜು," ಅಂದರು. "ಡಬ್ಬಿಯೊಳಗೆ ಹರಳು ಅಲುಗಿದರೂ ಪೆನ್ನು ಹೀಗೇ ಕುಣಿಯುತ್ತದೆ."

"ಇಲ್ಲ ಸರ್. ಇದು ನಿಜವಾದದ್ದು."

"ಹಾಗಂತ ವಿದೇಶದವರಿಗೆ ತಂತಿ ಕೊಡೋಣವೇ?"

ಅದೇ ಅವರ ಹುಣ್ಣು. ಎರಡು ವರ್ಷದ ಹಿಂದೆ ಹೀಗೇ ಪೆನ್ನು ಹಾರಿದಾಗ, ಉಪಗ್ರಹ ಇಟ್ಟುಕೊಂಡವರಿಗೆಲ್ಲ ಅವರು ತಂತಿ ಕೊಟ್ಟಿದ್ದರು. 'ನಮಗೆ ಕಂಡಿದೆ, ನಿಮಗೂ ಕಂಡಿತೇ?' ಆಮೇಲೆ ನೋಡಿದರೆ ಅದು ನಮ್ಮದೇ ಯಂತ್ರದ ಒಂದು ಸಡಿಲ ವೈರಿನ ಚೇಷ್ಟೆ. ಯಾವುದೋ ಸಮ್ಮೇಳನದಲ್ಲಿ ಒಬ್ಬ ಬಿಳಿಯ ಅದನ್ನೇ ಹೇಳಿ ಎಲ್ಲರನ್ನೂ ನಗಿಸಿದ್ದನಂತೆ. ತಂತಿ ಕೊಟ್ಟು ಕೇಳದೆ ನನ್ನ ನಾಲ್ಕು ಸೆಕೆಂಡಿಗೆ ಬೆಲೆಯಿಲ್ಲ. ಹರಳು ಗಟ್ಟಿಯಾಗಿತ್ತು ಅಂತ ರುಜುವಾತಾಗದೆ ಪ್ರೊಫೆಸರು ತಂತಿ ಕೊಡುವವರಲ್ಲ. ಹರಳೋ, ಆಕಾಶದಲ್ಲಿತ್ತು. ಸಂಜೆ ಬಲೂನಿಗೆ ಇಳಿ ಅಂತ ಆಜ್ಞೆ ಕಳಿಸಿದರೆ ಅದು ಕಿವಿಗೇ ಹಾಕಿಕೊಳ್ಳದೆ ತೆಂಕಣ ದಿಕ್ಕಿಗೆ ತೇಲಿಕೊಂಡು ಹೋಯಿತು.

ಎರಡು ವಾರ ಕಳೆದ ಮೇಲೆ ಒಂದು ಕಾರ್ಡು ಬಂತು. ತಿಪಟೂರು ತಾಲ್ಲೂಕು ನೊಣವಿನಕೆರೆಯ ಹೈಸ್ಕೂಲು ಮೇಷ್ಟ್ರು ಬರೆದಿದ್ದರು: ನಿಮ್ಮ ಸಾಮಾನು ಇಲ್ಲಿ ಶಂಭುಲಿಂಗಯ್ಯನವರ ತೋಟದಲ್ಲಿ ಬಿದ್ದಿದೆ. ಪೆಟ್ಟಿಗೆಯ ಮೇಲೆ ನಾವು ಇಂಗ್ಲಿಷು, ಹಿಂದಿ, ತೆಲುಗಿನಲ್ಲಿ ವಿಳಾಸ ಬರೆದಿದ್ದೆವು. ಅದು ಕನ್ನಡದ ನೆಲಕ್ಕೆ ಬೀಳಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಕನ್ನಡ ಬರುವವನು ಅಂತ ನನ್ನನ್ನೇ ಅಟ್ಟಿದರು. ನಾನು ತುಮಕೂರು ಪೇಟೆಯಲ್ಲಿ ಬೆಳೆದವನು. ತೆಂಗಿನಕಾಯಿ ಅಂದರೆ ಅಂಗಡಿಯಿಂದ ತರುವ ಪದಾರ್ಥ ಅಂತಲೇ ತಿಳಿದಿದ್ದವನು.

ತಿಪಟೂರಿನಲ್ಲಿ ಬಸ್ಸು ಬದಲಾಯಿಸಿ ನೊಣವಿನಕೆರೆಯಲ್ಲಿ ಇಳಿದು, ದಾರಿ ಕೇಳಿಕೊಂಡು ನಡೆದೆ. ಬೆಳಗಿನ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಎರಡು ಕಡೆಯೂ ತೆಂಗು, ತೆಂಗು, ತೆಂಗು. ನಡೆದಷ್ಟೂ ಅದೇ ತೋಟದೊಳಗೆ ನಿಂತಲ್ಲೇ ನಿಂತಿದ್ದೇನೇನೋ ಅನ್ನಿಸುತ್ತಿತ್ತು. ಒಂದು ತಿರುವು ದಾಟಿದಾಗ ಬೆಳಕೇ ಬೇರೆಯಾಯಿತು. ತಲೆಯೆತ್ತಿ ನೋಡಿದೆ. ನಮ್ಮ ಬಲೂನಿನ ತೆಳು ಪ್ಲಾಸ್ಟಿಕ್ಕು ಐವತ್ತು ಅರವತ್ತು ಮರಗಳ ತಲೆಯ ಮೇಲೆ ಹಾಸಿಕೊಂಡು ಮಲಗಿತ್ತು. ಅದರ ಮೇಲೆ ಇಬ್ಬನಿ ನಿಂತಿತ್ತು, ಇಬ್ಬನಿಯ ಮೇಲೆ ಬಿಸಿಲು. ಕೆಳಗೆ ನೆರಳೂ ಅಲ್ಲದ, ಬೆಳಕೂ ಅಲ್ಲದ ಒಂದು ಹಾಲುಹಾಲಾದ ಹೊಳಪು. ಗರಿಗಳು ಉಸಿರಾಡಿದಂತೆ ಆ ಹೊಸ ಆಕಾಶ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಕಟ್ಟಿಹಾಕಿದ್ದ ಒಂದು ಹಸು ಅದನ್ನೇ ನೋಡುತ್ತಾ ಮೆಲುಕು ಹಾಕುವುದನ್ನೂ ಮರೆತು ನಿಂತಿತ್ತು. ನಾನೂ ಅದರ ಪಕ್ಕ ಹಾಗೇ ನಿಂತೆ. ಯಾಕೆ ಬಂದಿದ್ದೇನೆ ಅನ್ನುವುದೇ ಕೊಂಚ ಹೊತ್ತು ಮರೆತುಹೋಗಿತ್ತು.

"ತೆಗೆಯಕ್ಕೆ ಮನಸೇ ಬರ್ಲಿಲ್ಲ ಕಣ್ರೀ," ಅಂದರು ಯಾರೋ ಹಿಂದಿನಿಂದ. ಐವತ್ತೈದರ ಆಸುಪಾಸಿನ ಸಣಕಲು ಮನುಷ್ಯ, ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವಲು. ಶಂಭುಲಿಂಗಯ್ಯ ಇವರೇ. "ಎಳನೀರೊಳಗೆ ಕೂತ್ಕಂಡು ಆಚೆ ನೋಡ್ದಂಗೆ ಐತೆ. ಹದಿನೈದು ದಿನದಿಂದ ಜನ ಬಂದು ನೋಡ್ಕೊಂಡು ಹೋಗ್ತಾವ್ರೆ. ಬನ್ನಿ, ಮನೆ ಹಿಂಗೈತೆ."

ಮನೆಯ ಅಂಗಳದಲ್ಲಿ ಅವರ ಹೆಂಡತಿ ಶಿವರುದ್ರಮ್ಮ ಕಾಯಿರಾಶಿಯ ಮುಂದೆ ಕಾಲು ಚಾಚಿ ಕೂತಿದ್ದರು. ಒಂದೊಂದೇ ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು, ಮೂರು ಸಲ ಅಲ್ಲಾಡಿಸಿ, ಎಡಕ್ಕೋ ಬಲಕ್ಕೋ ಒಗೆಯುತ್ತಿದ್ದರು. ಆ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವ ಬಗೆಯೇ ಅದು. ಕಾಯನ್ನು ಸಿಪ್ಪೆಯ ಸಮೇತ ವರ್ಷವಿಡೀ ಅಟ್ಟದ ಮೇಲೆ ಮಲಗಿಸುತ್ತಾರೆ. ಮೊದಮೊದಲು ಅಲ್ಲಾಡಿಸಿದರೆ ನೀರು ಗುಳುಗುಳು ಅನ್ನುತ್ತದೆ. ನೀರು ಹಿಂಗಿದ ಮೇಲೆ ಮೂಕವಾಗುತ್ತದೆ. ಕೊಬ್ಬರಿ ಕರಟ ಬಿಟ್ಟಾಗ ಲೊಡಲೊಡ ಅನ್ನುತ್ತದೆ. ಲೊಡಲೊಡ ಅಂದರೆ ಆಗಿದೆ, ಒಡೆಯಬಹುದು. ಸುಮ್ಮನಿದ್ದರೆ ಇನ್ನೂ ಆಗಿಲ್ಲ, ಅಟ್ಟಕ್ಕೆ ವಾಪಸ್ಸು. ಶಿವರುದ್ರಮ್ಮನ ಕಿವಿ ಅಂದರೆ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರಂತೆ; ಆಕೆ ಆಗಿದೆ ಅಂದ ಕಾಯನ್ನು ತಿಪಟೂರಿನ ಮಂಡಿಯವರು ಮರುಮಾತಿಲ್ಲದೆ ಕೊಳ್ಳುತ್ತಿದ್ದರಂತೆ.

"ನಮಸ್ಕಾರ ಅಮ್ಮಾ. ಡಬ್ಬಿ ಎಲ್ಲಿಟ್ಟಿದ್ದೀರಿ?" ಅಂದೆ.

"ರೊಟ್ಟಿ ತಟ್ತಾವ್ಳೆ ಸೊಸೆ. ಉಂಡ್ಕೊಂಡೇ ಹೋಗೀವಂತೆ, ಕೂತ್ಕೋ," ಅಂದರು, ಕಾಯಿಯಿಂದ ಕಣ್ಣೆತ್ತದೆ.

ಒಳ್ಳೆ ಜೋರು ಹೆಂಗಸು ಅಂದುಕೊಂಡೆ. ಶಂಭುಲಿಂಗಯ್ಯ ಅಟ್ಟದ ಏಣಿ ತೋರಿಸಿದರು. ಹತ್ತಿದೆ. ಅರೆಗತ್ತಲು, ಬೆಚ್ಚಗೆ, ಒಣಗಿದ ತೊಗಟೆಯ ವಾಸನೆ. ಬಲಗಡೆ ಆದ ಕಾಯಿ, ಎಡಗಡೆ ಆಗದ ಕಾಯಿ. ಎಡಗಡೆಯ ರಾಶಿಯ ಮೇಲೆ, ಹಂಚಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ನನ್ನ ಡಬ್ಬಿ ಬೆಳ್ಳಗೆ ಕೂತಿತ್ತು. ಇಪ್ಪತ್ತು ಮೈಲಿ ಎತ್ತರದ ಕಪ್ಪು ಆಕಾಶ ನೋಡಿ ಬಂದದ್ದು, ತೆಂಗಿನಕಾಯಿಗಳ ನಡುವೆ ಸಂಸಾರ ಹೂಡಿಬಿಟ್ಟಿತ್ತು. ಎತ್ತಿಕೊಂಡೆ. ಮೆಲ್ಲಗೆ ವಾಲಿಸಿದೆ.

ಲೊಡ್ ಅಂತು.

ಇನ್ನೊಂದು ಕಡೆ ವಾಲಿಸಿದೆ. ಲೊಡಲೊಡ.

ಹರಳು ಸಡಿಲವಾಗಿತ್ತು. ಪ್ರೊಫೆಸರು ಹೇಳಿದ್ದೇ ಸರಿ. ನನ್ನ ನಾಲ್ಕು ಸೆಕೆಂಡು ಯಾವ ನಕ್ಷತ್ರದ್ದೂ ಅಲ್ಲ. ಒಂದು ಡಬ್ಬಿಯೊಳಗಿನ ಲೊಡಲೊಡ. ಅಲ್ಲೇ ಕಾಯಿಗಳ ಮೇಲೆ ಕುಸಿದು ಕೂತು, ಯಾರೂ ನೋಡುತ್ತಿಲ್ಲ ಅಂದುಕೊಂಡು ಅತ್ತೆ. ಮೂವತ್ತೊಂದು ವರ್ಷದ ಗಂಡಸು. ಆದರೆ ಬಹಳ ಸಂಕಟವಾಗಿತ್ತು ಕಣ್ರೀ, ಸುಳ್ಳು ಯಾಕೆ ಹೇಳಲಿ.

ಇಳಿದುಬಂದು ಅಂಗಳದಲ್ಲಿ ನಿಂತು ಮತ್ತೊಮ್ಮೆ ಅಲ್ಲಾಡಿಸಿದೆ. ನನ್ನ ಸಪ್ಪೆ ಮೋರೆ ನೋಡಿ ಶಿವರುದ್ರಮ್ಮನೇ ಮಾತು ತೆಗೆದರು.

"ಬಿದ್ದ ದಿನ ಪೆಟ್ಗೆ ಒಡ್ದು ಅದೊಂದು ಉರುಳ್ಕೊಂಡು ಬಂತು ಕಣಪ್ಪ, ನನ್ನ ಕಾಲ್ತಾವ್ಕೆ. ಎತ್ಕೊಂಡು ಅಲ್ಲಾಡ್ಸಿ ನೋಡ್ದೆ. ನೀರೂ ಇಲ್ಲ, ಬಿಟ್ಟೂ ಇಲ್ಲ. ಗಪ್‌ಚಿಪ್. ಇನ್ನೂ ಆಗಿಲ್ಲ ಅಂತ ಅಟ್ಟಕ್ಕೆ ಹಾಕುಸ್ದೆ."

"ಏನಂದ್ರಿ?" ಹತ್ತಿರ ಹೋಗಿ ಅವರ ಮುಂದೆಯೇ ಕುಕ್ಕರಗಾಲಲ್ಲಿ ಕೂತೆ. "ಬಿದ್ದ ದಿನ ಸದ್ದು ಇರಲಿಲ್ಲವೇ?"

"ಒಂಚೂರೂ ಇರ್ಲಿಲ್ಲ. ಆಮ್ಯಾಕೆ ಊರೋರೆಲ್ಲ ಅಟ್ಟ ಹತ್ತಿ ಹತ್ತಿ, ಆಯ್ತಾ ಆಯ್ತಾ ಅಂತ ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು. ನಮ್ಮೋರ ಕೈಗೆ ಗುಂಡಗಿರೋದು ಸಿಕ್ರೆ ಬುಡ್ತಾರಾ?"

ಅಯ್ಯೋ ನನ್ನ ತಾಯಿ! ನೆಲಕ್ಕೆ ಬಿದ್ದ ಮೇಲೂ ಹರಳು ಸಡಿಲವಾಗಿರಲಿಲ್ಲ ಅಂದರೆ ಆಕಾಶದಲ್ಲಿ ಸಡಿಲವಾಗಿರಲು ಸಾಧ್ಯವೇ ಇಲ್ಲ. ಅದನ್ನು ಸಡಿಲ ಮಾಡಿದ್ದು ಈ ಊರಿನ ಕೈಗಳು. ಜಗತ್ತಿನಲ್ಲಿ ಬೇರೆಲ್ಲಿ ಬಿದ್ದಿದ್ದರೂ ಜನ ಅದನ್ನು ಸುತ್ತಿಗೆಯಿಂದ ಒಡೆಯುತ್ತಿದ್ದರು, ಇಲ್ಲ ಹೆದರಿ ದೂರ ನಿಲ್ಲುತ್ತಿದ್ದರು. ಹರಳು ಗಟ್ಟಿಯೋ ಸಡಿಲವೋ ಅಂತ ಮೊದಲು ಕಿವಿಗಿಟ್ಟು ನೋಡುವವರು ಇವರೊಬ್ಬರೇ. ಹಿಗ್ಗಿನಲ್ಲಿ ಮೂರು ರೊಟ್ಟಿ ಜಾಸ್ತಿ ತಿಂದೆ.

ಉಂಡ ಮೇಲೆ ಹೋಗಿ ಆ ಪ್ಲಾಸ್ಟಿಕ್ಕಿನ ಕೆಳಗೆ ಮಲಗಿದೆ. ಇಬ್ಬನಿ ಆರಿತ್ತು. ಗಾಳಿಗೆ ಅದು ಸರಸರ ಅನ್ನುತ್ತಿತ್ತು, ರೇಷ್ಮೆ ಸೀರೆ ಉಟ್ಟ ಯಾರೋ ಮಾಳಿಗೆಯ ಮೇಲೆ ಓಡಾಡಿದ ಹಾಗೆ. ಅರೆನಿದ್ದೆಯಲ್ಲಿ ನನಗೆ ಆ ಬೆಳಕು ಹೊರಟ ದಾರಿ ಕಂಡಿತು. ತೆಂಗು ಅನ್ನುವ ಗಿಡವೇ ಹುಟ್ಟುವ ಮೊದಲು ಹೊರಟಿರಬಹುದು. ಕತ್ತಲೆಯ ಮೇಲೆ ಕತ್ತಲೆ ದಾಟಿ, ಯಾರ ಮನೆಯ ಬಾಗಿಲನ್ನೂ ತಟ್ಟದೆ, ಇಲ್ಲೇ, ಈ ಪುಟ್ಟ ಡಬ್ಬಿಯೊಳಗೆ ನಾಲ್ಕು ಸೆಕೆಂಡು ಕೂತು ದಣಿವಾರಿಸಿಕೊಂಡಿತು. ಅದನ್ನು ಶಿವರುದ್ರಮ್ಮ ಎತ್ತಿ ಕಿವಿಗಿಟ್ಟುಕೊಂಡು, ಇನ್ನೂ ಆಗಿಲ್ಲ, ಇರು, ಮಲಗು ಅಂದರು. ಎಷ್ಟು ಹೊತ್ತು ಹಾಗೆ ಬಿದ್ದಿದ್ದೆನೋ, ನೆರಳುಗಳು ಉದ್ದವಾಗಿದ್ದವು.

ಅಂಗಳಕ್ಕೆ ಬಂದಾಗ ಕಾಯಿ ಸುಲಿಯುವ ಸಣ್ಣತಿಮ್ಮಯ್ಯ ಬಿಂದಿಗೆ ಬಿಂದಿಗೆ ನೀರು ತಂದು ಹಂಡೆಗೆ ಸುರಿಯುತ್ತಿದ್ದ. ಕೈಜಾರಿತೋ ಏನೋ, ತುಂಬಿದ ತಾಮ್ರದ ಬಿಂದಿಗೆ ಕಲ್ಲುಚಪ್ಪಡಿಯ ಮೇಲೆ ಢಣಾರ್ ಅಂತ ಬಿತ್ತು. ನಾನು ಹಾರಿಬಿದ್ದೆ. ಕೊಟ್ಟಿಗೆಯ ಕರು ಹಗ್ಗ ಜಗ್ಗಿತು. ಒಳಗಿನಿಂದ ಸೊಸೆ ಏನಾಯ್ತು ಅಂತ ಕೂಗಿದಳು.

ಬಿಂದಿಗೆಗೆ ಬೆನ್ನು ಮಾಡಿ, ಮಾರು ದೂರದಲ್ಲಿ ಕೂತಿದ್ದ ಶಿವರುದ್ರಮ್ಮ ಒಂದು ಕಾಯಿ ಎತ್ತಿ, ಕಿವಿಗಿಟ್ಟು, ಮೂರು ಸಲ ಅಲ್ಲಾಡಿಸಿ, ಬಲಕ್ಕೆ ಒಗೆದರು. ಕಣ್ಣರೆಪ್ಪೆಯೂ ಅಲುಗಲಿಲ್ಲ.

ಬೆಳಿಗ್ಗೆ ಡಬ್ಬಿ ಎಲ್ಲಿ ಅಂದದ್ದಕ್ಕೆ ರೊಟ್ಟಿ ಅಂದಿದ್ದರು. ಜೋರಲ್ಲ, ಕೇಳಿಸಿರಲಿಲ್ಲ. ಆಮೇಲೆ ಎದುರಿಗೆ ಕೂತಾಗ ಉತ್ತರ ಕೊಟ್ಟದ್ದು ನನ್ನ ತುಟಿ ನೋಡಿಕೊಂಡು. ಈಕೆಗೆ ಡಬ್ಬಿಯೂ ಗಪ್‌ಚಿಪ್, ಬಿಂದಿಗೆಯೂ ಗಪ್‌ಚಿಪ್. ನನ್ನ ಸಾಕ್ಷಿ ಕಿವುಡು.

ಶಂಭುಲಿಂಗಯ್ಯ ಹೆಂಡತಿಯ ಪಕ್ಕದಲ್ಲೇ ಕೂತು ಹಗ್ಗ ಹೊಸೆಯುತ್ತಿದ್ದರು. ನನ್ನ ಮುಖ ನೋಡಿದರು. ನೋಡಿ, ದನಿಯನ್ನು ಒಂದಿಷ್ಟೂ ತಗ್ಗಿಸದೆ ಹೇಳಿದರು:

"ಗೊತ್ತಾಯ್ತಾ ಸ್ವಾಮಿ? ಎರಡು ವರ್ಷ ಆಯ್ತು, ಕಿವಿ ಹೋಗಿ."

ನಾನು ಗಾಬರಿಯಾಗಿ ಶಿವರುದ್ರಮ್ಮನ ಕಡೆ ನೋಡಿದೆ. ಒಂದು ಮೊಳ ದೂರದಲ್ಲಿ ಆಕೆ ಮುಂದಿನ ಕಾಯಿ ಎತ್ತಿಕೊಂಡರು.

"ಯಾರ್ಗೂ ಹೇಳಿಲ್ಲ ಅವಳು. ಊರೆಲ್ಲ ಹೊಗಳೋ ಕಿವಿ, ಹೆಂಗೆ ಹೇಳ್ತಾಳೆ? ನಂಗೆ ಗೊತ್ತು ಅಂತ್ಲೂ ಅವಳ್ಗೆ ಗೊತ್ತಿಲ್ಲ. ದಿನಾ ಅವಳು ಅಡ್ಗೆಮನೆಗೆ ಹೋದ್ಮೇಲೆ ನಾನು ಅವತ್ತು ಅವಳು ನೋಡಿದ್ನೆಲ್ಲಾ ಇನ್ನೊಂದ್ಸಲ ಅಲ್ಲಾಡಿಸ್ತೀನಿ. ಆ ಕಡೇವು ಈ ಕಡೆ, ಈ ಕಡೇವು ಆ ಕಡೆ. ಬೆಳಿಗ್ಗೆ ಎದ್ದು ನೋಡ್ಕೊಂಡು ಸಂತೋಷವಾಗಿ ಇರ್ತಾಳೆ."

ಅಂಥ ಹೊತ್ತಿನಲ್ಲೂ ನಾನು ಕೇಳಿಯೇ ಬಿಟ್ಟೆ. ನನ್ನ ಚಟವೂ ಅಂಥದೇ. "ಯಜಮಾನ್ರೇ, ಹಾಗಾದ್ರೆ ನನ್ನ ಡಬ್ಬಿ?"

"ಅದ್ನೂ ಅವತ್ತು ಸಂಜೆ ಅಲ್ಲಾಡಿಸ್ದೆ. ಅವಳು ಇಟ್ಟಿದ್ದಲ್ವಾ, ಬುಡಕ್ಕಾಯ್ತದಾ? ಸದ್ದು ಇರ್ಲಿಲ್ಲ."

"ನೋಡಿ, ಅಮ್ಮನ ಮಾತು ಉಳಿಸೋಕೆ ಹೇಳ್ತಿಲ್ಲ ತಾನೆ? ನನಗೆ ನಿಜ ಬೇಕು. ಲೊಡಲೊಡ ಅಂದಿದ್ದರೂ ಪರವಾಗಿಲ್ಲ, ನಿಜ ಹೇಳಿ."

ಅವರಿಗೆ ಸಿಟ್ಟು ಬಂತು. ಹಗ್ಗ ಕೆಳಗಿಟ್ಟರು. "ಅವಳ ಮಾತು ಉಳಿಸ್ಬೇಕು ಅಂದ್ರೆ ಕಾಯಿ ಜಾಗ ಬದಲಾಯಿಸ್ತೀನಿ ಕಣ್ರೀ, ಸುಳ್ಳು ಹೇಳಲ್ಲ. ಅದು ಲೊಡಲೊಡ ಅಂದಿದ್ರೆ ಅವತ್ತೇ ಬಲಗಡೆ ರಾಶಿಗೆ ಹಾಕಿರ್ತಿದ್ದೆ. ಆಮ್ಯಾಕೆ ಬಂದೋರೆಲ್ಲ ಎತ್ತಿದ ಜಾಗದಲ್ಲೇ ಇಟ್ಟವ್ರೆ. ನೀವು ಎಲ್ಲಿಂದ ಎತ್ಕೊಂಡ್ರಿ?"

ಎಡಗಡೆಯಿಂದ. ಆಗದ ಕಾಯಿಗಳ ಮೇಲಿಂದ.

"ಏನಂತೆ?" ಅಂದರು ಶಿವರುದ್ರಮ್ಮ, ನಮ್ಮಿಬ್ಬರ ಮುಖ ನೋಡುತ್ತಾ.

ಶಂಭುಲಿಂಗಯ್ಯ ಅವರ ಕಡೆಗೆ ಪೂರ್ತಿ ತಿರುಗಿ, ತುಟಿಗಳನ್ನು ನಿಧಾನವಾಗಿ ಆಡಿಸುತ್ತಾ ಹೇಳಿದರು: "ನೀನು ಹೇಳಿದ್ದೇ ಸರಿಯಂತೆ ಕಣೇ."

"ಮತ್ತೆ?" ಅಂದರು ಆಕೆ. ಹೊರಡುವಾಗ ಶಂಭುಲಿಂಗಯ್ಯ ನನ್ನ ಕೈ ಹಿಡಿದುಕೊಂಡು, "ಎಲ್ಲಾದ್ರೂ ಬರಿಯೋದಿದ್ರೆ ಅವಳ ಹೆಸ್ರೇ ಬರ್ಕೊಳಪ್ಪ. ನಂದು ಬ್ಯಾಡ," ಅಂದರು.

ಪ್ರೊಫೆಸರು ನನ್ನ ಕಥೆಯನ್ನೆಲ್ಲ ಕೇಳಿದರು. ಎಡಗಡೆ ಬಲಗಡೆ ರಾಶಿಯ ವಿಷಯವನ್ನು ಎರಡು ಸಲ ಹೇಳಿಸಿಕೊಂಡರು. ಕೊನೆಗೆ, "ಈ ಶಿವರುದ್ರಮ್ಮನ ಕಿವಿ ನಂಬಬಹುದೇನಯ್ಯಾ?" ಅಂದರು.

"ಆಕೆಗೆ ನಾಲ್ಕು ಕಿವಿ ಇದೆ ಸರ್," ಅಂದೆ.

ಅವರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ತಂತಿಯ ಫಾರಂ ಕೇಳಿದರು.

ಉತ್ತರ ಬರಲು ತಡವಾಯಿತು. ಆ ಕಾಲದಲ್ಲಿ ಎಲ್ಲವೂ ತಡವೇ. ಹೌದು, ಅವತ್ತು, ಅದೇ ಹೊತ್ತಿಗೆ ನಮಗೂ ಕಂಡಿದೆ ಅಂತ ಒಂದು ಉಪಗ್ರಹದವರು ಬರೆದರು. ಶುಕ್ರನ ಹತ್ತಿರ ಸುತ್ತುತ್ತಿದ್ದ ಇನ್ನೊಂದಕ್ಕೂ ಕಂಡಿತ್ತಂತೆ. ಮೂವರ ಗಡಿಯಾರ ಕೂಡಿಸಿ ಲೆಕ್ಕ ಹಾಕಿ, ಅದು ಬಂದ ದಿಕ್ಕನ್ನು ಆಕಾಶದ ಒಂದು ಸಣ್ಣ ತುಂಡಿಗೆ ಇಳಿಸಿದರು. ದೊಡ್ಡ ದೂರದರ್ಶಕ ಇಟ್ಟುಕೊಂಡವರು ಆ ತುಂಡಿನ ಚಿತ್ರ ತೆಗೆದರು, ಹಳೆಯ ಚಿತ್ರಗಳನ್ನೂ ಹುಡುಕಿದರು. ಅಲ್ಲಿ ಏನೂ ಇರಲಿಲ್ಲ. ಬರೀ ಕತ್ತಲೆ. ಬಂದದ್ದು ನಿಜ, ಎಲ್ಲಿಂದ ಅಂತ ಮಾತ್ರ ಕೇಳಬೇಡಿ ಅನ್ನುವ ಹಾಗೆ.

ಕಾರ್ಡು ಬರೆದು ತಿಳಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಮುಂಗಾರು ಮುಗಿಯುವ ಹೊತ್ತಿಗೆ ನೊಣವಿನಕೆರೆಗೆ ನಾನೇ ಹೋದೆ. ಶಂಭುಲಿಂಗಯ್ಯ ಅಟ್ಟದ ಮೇಲಿದ್ದರು. ಕಾಯಿ ಉರುಳುವ ಸದ್ದು ಅಂಗಳಕ್ಕೆಲ್ಲ ಕೇಳುತ್ತಿತ್ತು. ಶಿವರುದ್ರಮ್ಮ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದರು. ನಾನು ಎದುರಿಗೆ ಕೂತು, ತುಟಿಗಳನ್ನು ನಿಧಾನವಾಗಿ ಆಡಿಸುತ್ತಾ ಹೇಳಿದೆ: "ನೀವು ಹೇಳಿದ್ದು ನಿಜವಾಯ್ತು ಅಮ್ಮಾ. ದೇಶವಿದೇಶದವರೆಲ್ಲ ಒಪ್ಪಿದರು."

"ಆಗ್ಲೇಬೇಕಲ್ಲ," ಅಂದರು.

"ಅಷ್ಟು ಖಾತ್ರಿ ಹೇಗಿತ್ತು ನಿಮಗೆ?"

ಆಕೆ ಅಟ್ಟದ ಏಣಿಯ ಕಡೆ ಒಮ್ಮೆ ನೋಡಿದರು. ಮೇಲೆ ಮತ್ತೊಂದು ಕಾಯಿ ಉರುಳಿತು. ಅದು ಅವರಿಗೆ ಕೇಳಿಸಿರಲಾರದು. ಮೊರ ಪಕ್ಕಕ್ಕಿಟ್ಟು, ನನ್ನ ಹತ್ತಿರ ಬಾಗಿ, ಗುಟ್ಟು ಹೇಳುವವರಂತೆ, ಆದರೆ ಅಂಗಳಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ನಾನು ತಪ್ಪಿದ್ರೆ ಅವ್ರು ಅದ್ನ ಅವತ್ತೇ ಬಲಗಡೆಗೆ ಹಾಕಿರೋರು ಕಣಪ್ಪ."

ಅಟ್ಟದ ಮೇಲೆ ಕಾಯಿ ಉರುಳುವುದು ನಿಂತಿತು.